ಎಳೆ ಜೋಳದ ಎಚ್ಚರ

ರಾಯಚೂರು, ದೇವದುರ್ಗ, ಮಾನ್ವಿಯ ಎರೆಹೊಲದ ಬಿಳಿಜೋಳ ಜನರಿಗೆ ರೊಟ್ಟಿ, ದನಗಳಿಗೆ ಕಣಕಿ. ಆದರೆ ಎಳೆಯ ಅಥವಾ ಮಳೆಯಿಲ್ಲದೆ ಬಾಡಿದ ಜೋಳದ ಪೈರಿಗೆ ದನ ಬಿಡಬಾರದೆಂಬುದು ಒಕ್ಕಲುತನದವರ ಹಳೆಯ ಕಟ್ಟಳೆ. ಇದು ಬರೀ ನಂಬಿಕೆ ಎನ್ನುವವರಿಗೆ ರಸಾಯನಶಾಸ್ತ್ರವೇ ಉತ್ತರ: 1902ರಲ್ಲಿ ರಸಾಯನಶಾಸ್ತ್ರಜ್ಞರಾದ ಡನ್‌ಸ್ಟನ್ ಮತ್ತು ಹೆನ್ರಿ ಎಳೆ ಜೋಳದಲ್ಲಿ ಸೈನೈಡ್ ಬಿಡುವ ಧುರಿನ್ ಎಂಬ ವಸ್ತುವನ್ನು ಗುರುತಿಸಿದರು. ಬಲಿತು ಒಣಗಿದ ಕಣಕಿಯಲ್ಲಿ ಆ ಅಪಾಯ ತೀರ ಕಡಿಮೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರಿಗೆ ಮಾನ್ವಿಯ ಎಷ್ಟೋ ಹೊಲ ಭತ್ತದ ಗದ್ದೆಯಾದವು, ಮೇವು ಭತ್ತದ ಹುಲ್ಲಾಯಿತು. ಹಾಗಾದರೆ ಕಟ್ಟಳೆ ಇನ್ನೇಕೆ? ಕಾಲುವೆ ಮುಟ್ಟದ ಹೊಲಗಳಲ್ಲಿ ಜೋಳ ಉಳಿದಿದೆ. ಮೇವು ತೀರುವ ಬರಗಾಲದಲ್ಲೇ ಪೈರಿನ ವಿಷ ಏರುತ್ತದೆ, ಹಸಿದ ದನ ಅದಕ್ಕೇ ಬಾಯಿ ಹಾಕುತ್ತದೆ. ದನ ಉಸಿರುಗಟ್ಟಿ ನಡುಗಿದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಜೀವ ಉಳಿಸಬಲ್ಲದು.