ಹೆಪ್ಪಿನಿಂದ ಇನ್ಸುಲಿನ್‌ವರೆಗೆ: ಜೈವಿಕ ತಂತ್ರಜ್ಞಾನ ನಡೆದು ಬಂದ ದಾರಿ

ಸಕ್ಕರೆ ಕಾಯಿಲೆ ಇರುವವರ ಮನೆಯ ಫ್ರಿಜ್ ತೆರೆದರೆ ಹಾಲು, ಮೊಸರಿನ ಪಕ್ಕದಲ್ಲೇ ಇನ್ಸುಲಿನ್‌ನ ಪುಟ್ಟ ಸೀಸೆಯೊಂದು ಕಾಣಸಿಗುತ್ತದೆ. ಮೊಸರು ಅಜ್ಜಿಯ ಕಾಲದಿಂದ ಬಂದ ಆಹಾರ. ಇನ್ಸುಲಿನ್ ಪ್ರಯೋಗಾಲಯದಿಂದ ಬಂದ ಔಷಧಿ. ಇವೆರಡಕ್ಕೂ ಇರುವ ನಂಟಿನ ಬಗ್ಗೆ ನಾವು ಯೋಚಿಸುವುದೇ ಇಲ್ಲ. ಎರಡನ್ನೂ ತಯಾರಿಸಿದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಮೊಸರು ಹೆಪ್ಪಿನ ಬ್ಯಾಕ್ಟೀರಿಯಾಗಳ ಕೆಲಸ. ಇನ್ಸುಲಿನ್ ಕೂಡಾ ಬ್ಯಾಕ್ಟೀರಿಯಾ ಅಥವಾ ಯೀಸ್ಟಿನ ಕೆಲಸ. ಆದರೆ ಇನ್ಸುಲಿನ್ ತಯಾರಿಸುವಂತೆ ಅವುಗಳಿಗೆ ಮನುಷ್ಯ ಪಾಠ ಹೇಳಿಕೊಡಬೇಕಾಯಿತು. ಆ ಪಾಠದ ಇತಿಹಾಸವೇ ಜೈವಿಕ ತಂತ್ರಜ್ಞಾನದ ಇತಿಹಾಸ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜಿಸಿತು. ಅಂದರೆ ಇದು ವಿಜ್ಞಾನಿಗಳಿಗೆ ಬಿಟ್ಟು ಸುಮ್ಮನಿರಬಹುದಾದ ವಿಷಯವಲ್ಲ. ನಮ್ಮ ಮನೆಯ ವಿಷಯ.

ಅಡುಗೆಮನೆಯ ವಿಜ್ಞಾನ

ಜೀವಿಗಳಿಂದ ಅಥವಾ ಅವುಗಳ ಯಾವುದಾದರೊಂದು ಅಂಶದಿಂದ ಮನುಷ್ಯನಿಗೆ ಬೇಕಾದ ವಸ್ತುವನ್ನು ಪಡೆಯುವ ವಿದ್ಯೆಯೇ ಜೈವಿಕ ತಂತ್ರಜ್ಞಾನ. ಈ ಅರ್ಥದಲ್ಲಿ ಅದು ಸಾವಿರಾರು ವರ್ಷಗಳಷ್ಟು ಹಳೆಯದು. ರಾತ್ರಿಯಿಡೀ ಹುಳಿ ಬಂದು ಉಬ್ಬುವ ಇಡ್ಲಿ ಹಿಟ್ಟು, ಖಮೀರ್ ಹಾಕಿ ಸುಡುವ ರೊಟ್ಟಿ, ಹಣ್ಣಿನ ರಸದಿಂದಾಗುವ ಸಿರ್ಕಾ, ಎಲ್ಲವೂ ಇದರ ಉದಾಹರಣೆಗಳೇ. ಏನಾಗುತ್ತಿದೆ ಎಂಬುದು ತಿಳಿಯದಿದ್ದರೂ ಏನು ಮಾಡಬೇಕೆಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು.

ಏನಾಗುತ್ತಿದೆ ಎಂಬುದನ್ನು ತೋರಿಸಿಕೊಟ್ಟವರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಪ್ರಮುಖರು. ಹಾಲು ಹುಳಿಯಾಗುವುದು ಜೀವಂತ ಸೂಕ್ಷ್ಮಾಣುಗಳಿಂದ ಎಂದು ಅವರು 1857ರಲ್ಲಿ ವಾದಿಸಿದರು. ‘ಬಯೋಟೆಕ್ನಾಲಜಿ’ ಎಂಬ ಪದವನ್ನು 1919ರಲ್ಲಿ ಬಳಕೆಗೆ ತಂದವರು ಹಂಗೇರಿಯ ಕಾರ್ಲ್ ಎರೆಕಿ. ಅದಾದ ಎರಡೇ ವರ್ಷಗಳಲ್ಲಿ ಕೆನಡಾದಲ್ಲಿ ಇನ್ಸುಲಿನ್‌ನ ಕಥೆ ಆರಂಭವಾಯಿತು.

ಒಂದು ಡಾಲರಿನ ಪೇಟೆಂಟ್

ನಮ್ಮ ಹೊಟ್ಟೆಯಲ್ಲಿ ಜಠರದ ಹಿಂಬದಿಗೆ ಮೇದೋಜೀರಕ ಗ್ರಂಥಿಯಿದೆ. ಅದು ಸ್ರವಿಸುವ ಇನ್ಸುಲಿನ್ ರಕ್ತದಲ್ಲಿರುವ ಸಕ್ಕರೆಯನ್ನು ಜೀವಕೋಶಗಳೊಳಗೆ ಸೇರಿಸುತ್ತದೆ. ಮಕ್ಕಳಲ್ಲಿ ಇದು ನಿಂತುಹೋದರೆ ಸಾವು ಖಚಿತ ಎಂಬ ಸ್ಥಿತಿ ಒಂದು ಶತಮಾನದ ಹಿಂದೆ ಇತ್ತು. ವೈದ್ಯರು ಮಾಡಬಹುದಾಗಿದ್ದ ಚಿಕಿತ್ಸೆ ಒಂದೇ: ಮಗುವನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಕೆಲವು ತಿಂಗಳು ಮುಂದೂಡುವುದು.

1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಪ್ರೊಫೆಸರ್ ಮ್ಯಾಕ್ಲಿಯೋಡ್‌ರ ಪ್ರಯೋಗಾಲಯದಲ್ಲಿ ನಾಯಿಗಳ ಮೇದೋಜೀರಕದಿಂದ ಈ ರಸವನ್ನು ಬೇರ್ಪಡಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14ರ ಹುಡುಗನಿಗೆ ಮೊದಲ ಚುಚ್ಚುಮದ್ದು ನೀಡಲಾಯಿತು. ಅವನ ತೂಕ ಮೂವತ್ತು ಕಿಲೋ ಕೂಡಾ ಇರಲಿಲ್ಲ. ರಸ ಶುದ್ಧವಾಗಿರದ ಕಾರಣ ಅದು ಫಲಿಸಲಿಲ್ಲ. ಜೇಮ್ಸ್ ಕಾಲಿಪ್ ಎಂಬ ಜೀವರಸಾಯನ ತಜ್ಞ ಅದನ್ನು ಶುದ್ಧೀಕರಿಸಿ ಕೊಟ್ಟ ಮೇಲೆ ಜನವರಿ 23ರಂದು ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ. ಅವನು ಮತ್ತೆ ಹದಿಮೂರು ವರ್ಷ ಬದುಕಿದ.

ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ 1923ರಲ್ಲಿ ಈ ಸಂಶೋಧನೆಯ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಪ್ರಾಣ ಉಳಿಸುವ ಔಷಧಿಯ ಮೇಲೆ ಯಾರೊಬ್ಬರೂ ಏಕಸ್ವಾಮ್ಯ ಸಾಧಿಸಬಾರದೆಂಬುದು ಅದರ ಉದ್ದೇಶವಾಗಿತ್ತು. ಆ ಒಂದು ಡಾಲರನ್ನು ನಾವು ನೆನಪಿಟ್ಟುಕೊಳ್ಳೋಣ. ಈ ಕಥೆಯ ಕೊನೆಯಲ್ಲಿ ಅದು ಮತ್ತೆ ಬೇಕಾಗುತ್ತದೆ.

ಹಂದಿ, ದನ ಮತ್ತು ಮನುಷ್ಯ

ಮುಂದಿನ ಆರು ದಶಕಗಳ ಕಾಲ ಇನ್ಸುಲಿನ್ ಬಂದದ್ದು ಕಸಾಯಿಖಾನೆಯಿಂದ. ಹಂದಿ ಮತ್ತು ದನದ ಗ್ರಂಥಿಗಳೇ ಅದರ ಮೂಲ. ಸುಮಾರು 225 ಗ್ರಾಂ ಇನ್ಸುಲಿನ್ ಪಡೆಯಲು ಎರಡು ಟನ್ನಿಗೂ ಹೆಚ್ಚು ಗ್ರಂಥಿಗಳು ಬೇಕಾಗುತ್ತಿದ್ದವು. ರೋಗಿಗಳು ಹೆಚ್ಚಿದಂತೆ ಗ್ರಂಥಿಗಳು ಸಾಲದೆ ಹೋದಾವೆಂಬ ಆತಂಕವಿತ್ತು. ಕೆಲವರಿಗೆ ಅಲರ್ಜಿಯೂ ಆಗುತ್ತಿತ್ತು.

ಇದರ ಜೊತೆಗೆ ನಂಬಿಕೆಯ ಪ್ರಶ್ನೆಯೂ ಇತ್ತು. ಮುಸ್ಲಿಮರಿಗೆ ಹಂದಿ ನಿಷಿದ್ಧ, ಅನೇಕ ಹಿಂದೂಗಳಿಗೆ ಗೋವು ಪವಿತ್ರ, ಜೈನರಿಗೆ ಪ್ರಾಣಿವಧೆಯೇ ಸಲ್ಲದು. ಬೇರೆ ದಾರಿಯಿಲ್ಲದಾಗ ಪ್ರಾಣರಕ್ಷಣೆಗಾಗಿ ನಿಷಿದ್ಧ ವಸ್ತುವನ್ನೂ ಬಳಸಬಹುದೆಂಬ ಅನಿವಾರ್ಯತೆಯ ನಿಯಮ ಇಸ್ಲಾಮೀ ಕರ್ಮಶಾಸ್ತ್ರದಲ್ಲಿದೆ. ಅದರ ಆಧಾರದಲ್ಲಿ ಅನೇಕ ವಿದ್ವಾಂಸರು ಇದಕ್ಕೆ ಅನುಮತಿ ನೀಡಿದರು. ಆದರೂ ಪ್ರತಿದಿನ ಸೂಜಿ ಚುಚ್ಚಿಕೊಳ್ಳುವವರಿಗೆ ಮನಸ್ಸಿನ ಕಿರಿಕಿರಿ ತಪ್ಪುತ್ತಿರಲಿಲ್ಲ.

ಪ್ರಾಣಿಯ ಇನ್ಸುಲಿನ್ ಮನುಷ್ಯನಿಗೆ ಒಗ್ಗುವುದು ಹೇಗೆ? ಉತ್ತರದ ಮೊದಲ ಭಾಗ ಬ್ರಿಟನ್ನಿನ ಫ್ರೆಡರಿಕ್ ಸ್ಯಾಂಗರ್‌ರಿಂದ ಬಂತು. ಇನ್ಸುಲಿನ್ ಎಂಬ ಪ್ರೋಟೀನು 51 ಅಮೈನೋ ಆಮ್ಲಗಳನ್ನು ಎರಡು ಸರಗಳಾಗಿ ಪೋಣಿಸಿದ ರಚನೆಯೆಂದು ಅವರ ಹತ್ತು ವರ್ಷಗಳ ಶ್ರಮ 1955ರ ಹೊತ್ತಿಗೆ ತೋರಿಸಿತು. ಮನುಷ್ಯನ ಇನ್ಸುಲಿನ್‌ಗೂ ಹಂದಿಯದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಮಣಿಯದ್ದು. ದನದ್ದಾದರೆ ಮೂರು.

ಎಲ್ಲ ಜೀವಿಗಳಿಗೂ ಒಂದೇ ಲಿಪಿ

ಈ ಸರವನ್ನು ಯಾವ ಕ್ರಮದಲ್ಲಿ ಪೋಣಿಸಬೇಕೆಂಬ ಸೂಚನೆ ಜೀವಕೋಶದೊಳಗಿನ ಡಿಎನ್‌ಎಯಲ್ಲಿ ಬರೆದಿರುತ್ತದೆ. ರೊಸಾಲಿಂಡ್ ಫ್ರಾಂಕ್ಲಿನ್‌ರ ಎಕ್ಸ್-ರೇ ಚಿತ್ರಗಳ ನೆರವಿನಿಂದ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಅದರ ಜೋಡಿ ಸುರುಳಿಯ ರಚನೆಯನ್ನು ವಿವರಿಸಿದರು. ಆ ಲಿಪಿಯಲ್ಲಿರುವುದು ನಾಲ್ಕೇ ಅಕ್ಷರಗಳು. ಮೂರು ಮೂರು ಅಕ್ಷರಗಳು ಸೇರಿ ಒಂದು ಪದ. ಹೀಗೆ 64 ಪದಗಳಾಗುತ್ತವೆ. ಹೆಚ್ಚಿನ ಪದಗಳು ಒಂದೊಂದು ಅಮೈನೋ ಆಮ್ಲವನ್ನು ಸೂಚಿಸಿದರೆ, ಮೂರು ಪದಗಳು ‘ಇಲ್ಲಿಗೆ ನಿಲ್ಲಿಸು’ ಎನ್ನುತ್ತವೆ.

ಈ ಪದಗಳ ಅರ್ಥವನ್ನು ಬಿಡಿಸಿದವರಲ್ಲಿ ಹರಗೋಬಿಂದ್ ಖುರಾನಾ ಒಬ್ಬರು. ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ರಾಯ್‌ಪುರವೆಂಬ ಕುಗ್ರಾಮದಲ್ಲಿ ಅವರು ಹುಟ್ಟಿದರು. ತಂದೆ ಪಟವಾರಿ, ಅಂದರೆ ನಮ್ಮ ಶಾನುಭೋಗರಂತೆ ಕಂದಾಯದ ಲೆಕ್ಕ ಬರೆಯುವವರು. 1968ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಖುರಾನಾ, 1970ರಲ್ಲಿ ರಾಸಾಯನಿಕಗಳಿಂದಲೇ ಒಂದು ವಂಶವಾಹಿಯನ್ನು ಕಟ್ಟಿದ ಸುದ್ದಿ ಪ್ರಕಟಿಸಿದರು.

ಈ ಲಿಪಿ ಬ್ಯಾಕ್ಟೀರಿಯಾ, ಬಾಳೆಗಿಡ, ಆನೆ, ಮನುಷ್ಯ ಎಂಬ ಭೇದವಿಲ್ಲದೆ ಬಹುತೇಕ ಒಂದೇ. ಜೈವಿಕ ತಂತ್ರಜ್ಞಾನದ ಇಡೀ ಕಟ್ಟಡ ನಿಂತಿರುವುದು ಈ ತತ್ವದ ಮೇಲೆ. ಒಂದು ಜೀವಿಯ ವಾಕ್ಯವನ್ನು ಇನ್ನೊಂದು ಜೀವಿ ಓದಿ ಅರ್ಥ ಮಾಡಿಕೊಳ್ಳಬಲ್ಲದು. ಸೃಷ್ಟಿಯ ಈ ಏಕತೆ ವಿಶ್ವಾಸಿಗೆ ಸೃಷ್ಟಿಕರ್ತನನ್ನು ನೆನಪಿಸುತ್ತದೆ, ವಿಜ್ಞಾನಿಗೆ ಕೆಲಸದ ದಾರಿ ತೋರಿಸುತ್ತದೆ.

ಕತ್ತರಿ, ಅಂಟು, ಉಂಗುರ

ವಾಕ್ಯವನ್ನು ಕತ್ತರಿಸಲು ಕತ್ತರಿ ಬೇಕು. ಡಿಎನ್‌ಎಯನ್ನು ನಿರ್ದಿಷ್ಟ ಜಾಗದಲ್ಲೇ ತುಂಡರಿಸುವ ಕಿಣ್ವವನ್ನು ಹ್ಯಾಮಿಲ್ಟನ್ ಸ್ಮಿತ್ 1970ರಲ್ಲಿ ವಿವರಿಸಿದರು. ತುಂಡುಗಳನ್ನು ಜೋಡಿಸುವ ಅಂಟಿನಂಥ ಕಿಣ್ವ ಅದಕ್ಕೂ ಮೊದಲೇ ಸಿಕ್ಕಿತ್ತು. ಇನ್ನು ಬೇಕಾದದ್ದು ವಾಹನ. ಬ್ಯಾಕ್ಟೀರಿಯಾಗಳೊಳಗೆ ಪ್ಲಾಸ್ಮಿಡ್ ಎಂಬ ಡಿಎನ್‌ಎಯ ಪುಟ್ಟ ಉಂಗುರಗಳಿರುತ್ತವೆ. ಉಂಗುರವನ್ನು ಕತ್ತರಿಸಿ, ಬೇಕಾದ ವಂಶವಾಹಿಯನ್ನು ನಡುವೆ ಅಂಟಿಸಿ, ಮತ್ತೆ ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಅದು ಬೆಳೆಯುವಾಗ ಈ ಹೊಸ ವಾಕ್ಯವೂ ನಕಲಾಗುತ್ತದೆ. ಅನುಕೂಲ ವಾತಾವರಣದಲ್ಲಿ ಇ-ಕೋಲೈ ಬ್ಯಾಕ್ಟೀರಿಯಾ ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. 1973ರಲ್ಲಿ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬೋಯರ್ ಇದನ್ನು ಸಾಧಿಸಿ ತೋರಿಸಿದರು.

ಇಷ್ಟು ಶಕ್ತಿಶಾಲಿಯಾದ ವಿದ್ಯೆ ಅಪಾಯಕಾರಿಯೂ ಆಗಬಹುದಲ್ಲವೇ? ಈ ಪ್ರಶ್ನೆಯನ್ನು ಮೊದಲು ಎತ್ತಿದವರು ಸ್ವತಃ ವಿಜ್ಞಾನಿಗಳು. ಕೆಲವು ಪ್ರಯೋಗಗಳನ್ನು ತಾವಾಗಿಯೇ ನಿಲ್ಲಿಸಿ, 1975ರಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸಭೆ ಸೇರಿ ಸುರಕ್ಷತೆಯ ನಿಯಮಗಳನ್ನು ರೂಪಿಸಿದರು. ವಿದ್ಯಾವಂತರು ತಮ್ಮ ವಿದ್ಯೆಗೆ ತಾವೇ ಲಗಾಮು ಹಾಕಿಕೊಂಡ ಇಂಥ ಘಟನೆ ಇತಿಹಾಸದಲ್ಲಿ ಅಪರೂಪ.

1978ರಲ್ಲಿ ಬೋಯರ್ ಸಹಸ್ಥಾಪಕರಾಗಿದ್ದ ಜೆನೆನ್‌ಟೆಕ್ ಕಂಪೆನಿ ಮತ್ತು ಸಿಟಿ ಆಫ್ ಹೋಪ್ ಸಂಸ್ಥೆಯ ವಿಜ್ಞಾನಿಗಳು ಇ-ಕೋಲೈಯಿಂದ ಮಾನವ ಇನ್ಸುಲಿನ್ ತಯಾರಿಸಿದರು. ಇದಕ್ಕಾಗಿ ಯಾವ ಮನುಷ್ಯನ ದೇಹದಿಂದಲೂ ವಂಶವಾಹಿಯನ್ನು ತೆಗೆಯಲಿಲ್ಲ. ಖುರಾನಾ ತೋರಿಸಿದ ಹಾದಿಯಲ್ಲೇ ಅದನ್ನು ರಾಸಾಯನಿಕಗಳಿಂದ ಕಟ್ಟಲಾಯಿತು. ಎರಡು ಸರಗಳನ್ನು ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಬೆಳೆಸಿ ನಂತರ ಜೋಡಿಸಲಾಯಿತು. 1982ರಲ್ಲಿ ಅಮೆರಿಕ ಸರಕಾರ ಇದರ ಮಾರಾಟಕ್ಕೆ ಒಪ್ಪಿಗೆ ನೀಡಿತು. ಹಂದಿಯೂ ಬೇಕಿಲ್ಲ, ದನವೂ ಬೇಕಿಲ್ಲ ಎಂದಾಯಿತು. ಹೆಚ್ಚು ಸದ್ದಿಲ್ಲದೆ ವಿಜ್ಞಾನವು ಕೋಟ್ಯಂತರ ಜನರ ಮನಸ್ಸಿನ ಭಾರವನ್ನು ಇಳಿಸಿತು.

ಕರುವಿನ ಜಠರದಿಂದ ತೆಗೆಯುತ್ತಿದ್ದ ಚೀಸ್ ತಯಾರಿಕೆಯ ಕಿಣ್ವಕ್ಕೂ ಇದೇ ವಿಧಾನ ಬಂತು. ಹಳೆಯ ವಿದ್ವಾಂಸರಿಗೂ ಇಂಥ ಚರ್ಚೆ ಹೊಸದಲ್ಲ. ಮದ್ಯ ತಾನಾಗಿಯೇ ಸಿರ್ಕಾ ಆಗಿ ಮಾರ್ಪಟ್ಟರೆ ಅದು ಧರ್ಮಸಮ್ಮತ ಎಂದು ಅವರು ಎಂದೋ ತೀರ್ಪು ನೀಡಿದ್ದರು. ವಸ್ತುವಿನ ಸ್ವರೂಪವೇ ಬದಲಾದಾಗ ಅದರ ವಿಧಿಯೂ ಬದಲಾಗುತ್ತದೆ ಎಂಬ ಆ ಚಿಂತನೆ ಇಂದಿನ ಪ್ರಯೋಗಾಲಯದ ಪ್ರಶ್ನೆಗಳಿಗೂ ದಾರಿ ತೋರಬಲ್ಲದು.

ವಿದ್ಯೆ ಯಾರ ಸೊತ್ತು?

ಈಗ ಆ ಒಂದು ಡಾಲರಿಗೆ ಮರಳೋಣ. ಕೊಹೆನ್ ಮತ್ತು ಬೋಯರ್‌ರ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು. 1997ರಲ್ಲಿ ಅವಧಿ ಮುಗಿಯುವ ಹೊತ್ತಿಗೆ ಅದು ಅವರ ವಿಶ್ವವಿದ್ಯಾಲಯಗಳಿಗೆ ಸುಮಾರು 25 ಕೋಟಿ ಡಾಲರ್ ತಂದುಕೊಟ್ಟಿತ್ತು. 1980ರಲ್ಲಿ, ಬಂಗಾಳ ಮೂಲದ ಆನಂದ ಮೋಹನ ಚಕ್ರವರ್ತಿ ರೂಪಿಸಿದ ತೈಲ ತಿನ್ನುವ ಬ್ಯಾಕ್ಟೀರಿಯಾದ ಪ್ರಕರಣದಲ್ಲಿ, ಮನುಷ್ಯ ರೂಪಿಸಿದ ಜೀವಿಗೂ ಪೇಟೆಂಟ್ ನೀಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ತೀರ್ಪಿತ್ತಿತು. ಸಂಶೋಧನೆಗೆ ಹಣ ಬೇಕು, ಹಣ ಹೂಡಿದವರಿಗೆ ಲಾಭವೂ ಬೇಕು, ನಿಜ. ಆದರೆ ಅಮೆರಿಕದಲ್ಲಿ 1996ರಲ್ಲಿ 21 ಡಾಲರಿಗೆ ಸಿಗುತ್ತಿದ್ದ ಹೊಸ ಬಗೆಯ ಇನ್ಸುಲಿನ್‌ನ ಒಂದು ಸೀಸೆ ಎರಡು ದಶಕಗಳಲ್ಲಿ 275 ಡಾಲರ್ ಮುಟ್ಟಿತು. ಜನರ ಆಕ್ರೋಶದ ಬಳಿಕ 2023ರಲ್ಲಷ್ಟೇ ಕಂಪೆನಿ ಬೆಲೆಯನ್ನು ಶೇ. 70ರಷ್ಟು ಇಳಿಸಲು ಮುಂದಾಯಿತು.

ನಮ್ಮ ದೇಶದ ಅನುಭವ ಬೇರೆ. 1970ರ ಪೇಟೆಂಟ್ ಕಾನೂನು ಔಷಧಿಯ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ನೀಡುತ್ತಿತ್ತು, ಔಷಧಿಗಲ್ಲ. 2005ರವರೆಗೆ ಇದ್ದ ಈ ಅವಕಾಶವನ್ನು ನಮ್ಮ ಕಂಪೆನಿಗಳು ಬಳಸಿಕೊಂಡವು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್-ಬಿ ಲಸಿಕೆಯನ್ನು ಆಮದು ಲಸಿಕೆಗಿಂತ ಎಷ್ಟೋ ಪಾಲು ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು. ಅದರ ಸ್ಥಾಪಕ ವರಪ್ರಸಾದ ರೆಡ್ಡಿಯವರಿಗೆ ಆರಂಭದಲ್ಲಿ ಬಂಡವಾಳ ನೀಡಿದವರು ಒಮಾನ್‌ನ ಯೂಸುಫ್ ಬಿನ್ ಅಲವಿ ಅಬ್ದುಲ್ಲಾ. ದೇಶೀಯ ಮಾನವ ಇನ್ಸುಲಿನ್ 2003ರಲ್ಲಿ ವೋಕಾರ್ಡ್‌ನಿಂದ, 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್‌ನಿಂದ ಬಂತು. ಪಪ್ಪಾಯಿಯಿಂದ ಕಿಣ್ವ ತೆಗೆಯುವ ಕೆಲಸದೊಂದಿಗೆ 1978ರಲ್ಲಿ ಆರಂಭವಾದ ಬಯೋಕಾನ್, ಇನ್ಸುಲಿನ್ ತಯಾರಿಸಲು ಒಂದು ಬಗೆಯ ಯೀಸ್ಟನ್ನು ಬಳಸಿತು. ರೊಟ್ಟಿ ಉಬ್ಬಿಸುವ ಖಮೀರಿನ ದೂರದ ಬಂಧು ಅದು.

ಹೊಲಕ್ಕೆ ಬಂದ ಜೈವಿಕ ತಂತ್ರಜ್ಞಾನ ಇಷ್ಟು ನಿರಾಳವಾಗಿಲ್ಲ. 2002ರಲ್ಲಿ ಬಂದ ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಹುಳು ಒಗ್ಗಿಕೊಂಡಿತು. ಬಿಟಿ ಬದನೆಯನ್ನು ಸರಕಾರ 2010ರಲ್ಲಿ ತಡೆಹಿಡಿಯಿತು. ಒಂದೇ ಕತ್ತರಿ, ಒಂದೇ ಅಂಟು. ಆದರೆ ಆಸ್ಪತ್ರೆಯಲ್ಲಿ ಸಿಕ್ಕಿದ ಉತ್ತರವೇ ಹೊಲದಲ್ಲೂ ಸಿಗಬೇಕೆಂದಿಲ್ಲ. ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಆದ್ದರಿಂದ ಜೈವಿಕ ತಂತ್ರಜ್ಞಾನ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಅದು ಯಾರ ಕೈಯಲ್ಲಿದೆ, ಯಾರ ಮನೆಗೆ ತಲುಪುತ್ತಿದೆ ಎಂದು ಕೇಳಬೇಕು. ಹೆಪ್ಪು ಖಾಲಿಯಾದಾಗ ನಾವು ಪಕ್ಕದ ಮನೆಯ ಬಾಗಿಲು ತಟ್ಟುತ್ತೇವೆ. ಅವರೂ ಜಾತಿ, ಧರ್ಮ ಕೇಳದೆ ಒಂದು ಚಮಚ ಹಾಕಿ ಕಳಿಸುತ್ತಾರೆ. ಬ್ಯಾಂಟಿಂಗ್ ಮತ್ತು ಗೆಳೆಯರು ಒಂದು ಡಾಲರಿಗೆ ತಮ್ಮ ವಿದ್ಯೆಯನ್ನು ಕೊಟ್ಟಾಗ ಮಾಡಿದ್ದೂ ಅದನ್ನೇ. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕುಳಿತಿರುವ ಆ ಸೀಸೆ, ಕೂಲಿ ಮಾಡಿ ಬದುಕುವವನ ಮಗುವಿಗೂ ಅಷ್ಟೇ ಸುಲಭವಾಗಿ ಸಿಗುವಂತಾಗಬೇಕು.