ಬೆಂಕಿಪೆಟ್ಟಿಗೆಯಲ್ಲಿ ಬಂದ ಪತ್ರ: ನಾರ್ವೆಯ ಶಿಕ್ಷಕರ ಅಸಹಕಾರ

ಎರಡನೆಯ ಮಹಾಯುದ್ಧ ಎಂದರೆ ನಮ್ಮ ಮಕ್ಕಳಿಗೆ ಗೊತ್ತಿರುವುದು ಹಿಟ್ಲರ್, ಮುಸ್ಸೋಲಿನಿ, ಹಿರೋಶಿಮಾ, ನಾಗಾಸಾಕಿ. ಐದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಆ ಯುದ್ಧದಲ್ಲಿ ಬಂದೂಕು ಹಿಡಿಯದೆ ಹೋರಾಡಿದ ಸಾಮಾನ್ಯ ಜನರೂ ಇದ್ದರು. ಅವರಲ್ಲಿ ನಮ್ಮದೇ ವೃತ್ತಿಯವರ ಕಥೆಯೊಂದಿದೆ. ಶಿಕ್ಷಕರಾದ ನಾವಂತೂ ಅದನ್ನು ತಿಳಿದಿರಲೇಬೇಕು.

1940ರ ಏಪ್ರಿಲ್ 9ರಂದು ಜರ್ಮನಿಯ ಸೈನ್ಯ ನಾರ್ವೆಯ ಮೇಲೆ ದಾಳಿ ಮಾಡಿತು. ಎರಡು ತಿಂಗಳಲ್ಲಿ ದೇಶ ಅವರ ವಶವಾಯಿತು. ರಾಜ ಮತ್ತು ಸರಕಾರ ಲಂಡನ್ನಿಗೆ ಹೋದರು. ಜರ್ಮನರ ಜೊತೆ ಕೈಜೋಡಿಸಿದ ನಾರ್ವೆಯವನೇ ಆದ ವಿದ್ಕುನ್ ಕ್ವಿಸ್ಲಿಂಗ್ 1942ರ ಫೆಬ್ರವರಿ 1ರಂದು ಅಧಿಕಾರಕ್ಕೆ ಬಂದ. ಇಂದು ಇಂಗ್ಲಿಷಿನಲ್ಲಿ 'ಕ್ವಿಸ್ಲಿಂಗ್' ಎಂದರೆ ದೇಶದ್ರೋಹಿ ಎಂದೇ ಅರ್ಥ!

ಅಧಿಕಾರ ಸಿಕ್ಕ ಕೆಲವೇ ದಿನಗಳಲ್ಲಿ ಅವನು ಕೈಹಾಕಿದ್ದು ಶಾಲೆಗೆ. ಎರಡು ಕಾನೂನುಗಳು ಬಂದವು. ಮೊದಲನೆಯದರಂತೆ, ಎಲ್ಲ ಶಿಕ್ಷಕರೂ ಸರಕಾರದ ಹೊಸ ಶಿಕ್ಷಕರ ಸಂಘಕ್ಕೆ ಸೇರಲೇಬೇಕು. ಎರಡನೆಯದರಂತೆ, ಹತ್ತರಿಂದ ಹದಿನೆಂಟು ವರ್ಷದ ಮಕ್ಕಳೆಲ್ಲ ಅವನ ಪಕ್ಷದ ಯುವದಳಕ್ಕೆ ಸೇರಬೇಕು. ಜರ್ಮನಿಯಲ್ಲಿ ಹಿಟ್ಲರ್ ಮಾಡಿದ್ದೂ ಇದನ್ನೇ. ಮಕ್ಕಳ ತಲೆ ಕೈಗೆ ಸಿಕ್ಕರೆ ಮುಂದಿನ ಪೀಳಿಗೆ ತಮ್ಮದಾಗುತ್ತದೆ ಎಂಬ ಲೆಕ್ಕಾಚಾರ.

ಶಿಕ್ಷಕರು ಏನು ಮಾಡಿದರು? ಓಸ್ಲೊ ನಗರದಲ್ಲಿ ಕೆಲವು ಮುಖಂಡರು ಗುಟ್ಟಾಗಿ ಸೇರಿ ಒಂದು ಚಿಕ್ಕ ಹೇಳಿಕೆ ಸಿದ್ಧಪಡಿಸಿದರು. ಯುವದಳದ ರೀತಿಯಲ್ಲಿ ಮಕ್ಕಳನ್ನು ಬೆಳೆಸುವುದು ನನ್ನ ಆತ್ಮಸಾಕ್ಷಿಗೆ ವಿರುದ್ಧ, ಆದ್ದರಿಂದ ನಾನು ಈ ಸಂಘದ ಸದಸ್ಯನಲ್ಲ ಎಂಬುದು ಅದರ ಸಾರ. ಅಂಚೆಯಲ್ಲಿ ಕಳುಹಿಸಿದರೆ ಸಿಕ್ಕಿಬೀಳುವ ಭಯ. ಹಾಗಾಗಿ ಅದನ್ನು ಬೆಂಕಿಪೆಟ್ಟಿಗೆಯೊಳಗೆ ಇಟ್ಟು ಕೈಯಿಂದ ಕೈಗೆ ದಾಟಿಸಿದರು. ಸೂಚನೆಗಳು ಸ್ಪಷ್ಟವಾಗಿದ್ದವು: ಎಲ್ಲರೂ ಇದೇ ಮಾತುಗಳನ್ನು ಬರೆಯಬೇಕು, ತಮ್ಮ ಹೆಸರು, ವಿಳಾಸ ಹಾಕಿ ಸಹಿ ಮಾಡಬೇಕು, ಒಂದೇ ದಿನ, ಅಂದರೆ ಫೆಬ್ರವರಿ 20ರಂದು, ಅಂಚೆಗೆ ಹಾಕಬೇಕು.

ಇಲ್ಲಿರುವ ಜಾಣತನವನ್ನು ಗಮನಿಸಿ. ಒಬ್ಬನೇ ಬರೆದರೆ ಅವನನ್ನು ಜೈಲಿಗೆ ಹಾಕುವುದು ಸುಲಭ. ಹೆಸರಿಲ್ಲದ ಪತ್ರಕ್ಕೆ ಬೆಲೆಯಿಲ್ಲ. ಬೇರೆ ಬೇರೆ ದಿನ ಬರೆದರೆ ಮೊದಲು ಬರೆದವರನ್ನು ಹಿಡಿದು ಉಳಿದವರನ್ನು ಹೆದರಿಸಬಹುದು. ಒಂದೇ ದಿನ, ಒಂದೇ ಮಾತು, ಸ್ವಂತ ಹೆಸರು! ದೇಶದ ಶಿಕ್ಷಕರಲ್ಲಿ ಬಹುಪಾಲು ಮಂದಿ, ಸುಮಾರು 8,000ದಿಂದ 10,000 ಜನ, ಹೀಗೆ ಪತ್ರ ಬರೆದರು.

ಸರಕಾರ ಬೆಚ್ಚಿತು. ಉರುವಲು ಇಲ್ಲ ಎಂಬ ನೆಪ ಹೇಳಿ ಒಂದು ತಿಂಗಳು ಶಾಲೆಗಳನ್ನು ಮುಚ್ಚಿತು. ಶಿಕ್ಷಕರು ಮನೆಗಳಲ್ಲೇ ಪಾಠ ಹೇಳತೊಡಗಿದರು. ಶಾಲೆ ಮುಚ್ಚಿದ್ದು ಯಾಕೆಂದು ಈಗ ಪ್ರತಿ ಮನೆಗೂ ತಿಳಿಯಿತು. ಮಕ್ಕಳನ್ನು ಯುವದಳಕ್ಕೆ ಕಳಿಸುವುದಿಲ್ಲವೆಂದು ತಂದೆ ತಾಯಂದಿರು ಬರೆದ ಪತ್ರಗಳು ಎರಡು ಲಕ್ಷದಷ್ಟಿದ್ದವು ಎಂಬ ಅಂದಾಜಿದೆ. ಚರ್ಚಿನ ಬಿಷಪ್ಪರೂ ಸರಕಾರಿ ಹುದ್ದೆಗಳಿಗೆ ರಾಜೀನಾಮೆ ಕೊಟ್ಟರು.

ಮಾರ್ಚ್ 20ರಿಂದ ಬಂಧನ ಶುರುವಾಯಿತು. ಸಾವಿರಕ್ಕೂ ಹೆಚ್ಚು ಗಂಡು ಶಿಕ್ಷಕರನ್ನು ಹಿಡಿದರು. ಅವರಲ್ಲಿ ಹಲವರನ್ನು ಲಿಲ್ಲೆಹಾಮರ್ ಹತ್ತಿರದ ಶಿಬಿರಕ್ಕೆ ಒಯ್ದು, ಹಿಮದಲ್ಲಿ ತೆವಳಿಸಿ, ಅರೆಹೊಟ್ಟೆಯಲ್ಲಿಟ್ಟು, ಸಹಿ ಹಿಂತೆಗೆದುಕೊಂಡರೆ ಬಿಡುತ್ತೇವೆ ಎಂದರು. ಒಪ್ಪಿದವರು ಕೆಲವೇ ಕೆಲವರು. ಏಪ್ರಿಲ್‌ನಲ್ಲಿ ಸುಮಾರು 500 ಮಂದಿಯನ್ನು ರೈಲಿನಲ್ಲಿ ಟ್ರೋಂಡ್ಹೈಮಿಗೆ ಸಾಗಿಸಿ, ಅಲ್ಲಿಂದ 'ಷೆರ್ಸ್ಟಾಡ್' ಎಂಬ ಹಳೆಯ ಹಡಗಿನಲ್ಲಿ ತುಂಬಿ ದೇಶದ ಉತ್ತರ ತುದಿಯ ಕಿರ್ಕೆನೆಸ್‌ಗೆ ಕಳಿಸಿದರು. ಉತ್ತರ ಧ್ರುವ ವೃತ್ತದ ಆಚೆಗಿನ ಆ ಊರಿನಲ್ಲಿ ಬಂಧಿತ ಸೋವಿಯತ್ ಸೈನಿಕರ ಪಕ್ಕದಲ್ಲಿ ಹಡಗಿನ ಸರಕು ಹೊರುವ ಕೆಲಸ. ರೈಲು ಹೋಗುವ ದಾರಿಯಲ್ಲಿ ಮಕ್ಕಳು ನಿಲ್ದಾಣಗಳಲ್ಲಿ ನಿಂತು ಹಾಡುತ್ತಿದ್ದರಂತೆ. ಬಂಧಿತರ ಕುಟುಂಬಗಳಿಗೆ ಊರವರು ಹಣ ಕೂಡಿಸಿ ಕೊಟ್ಟರು.

ಹೊರಗುಳಿದ ಶಿಕ್ಷಕರೂ ಬಗ್ಗಲಿಲ್ಲ. ಮೇ 22ರಂದು ಓಸ್ಲೊ ಬಳಿಯ ಸ್ತಾಬೆಕ್ ಶಾಲೆಗೆ ಸ್ವತಃ ಬಂದ ಕ್ವಿಸ್ಲಿಂಗ್, ನೀವು ಶಿಕ್ಷಕರೇ ನನ್ನ ಕೆಲಸವನ್ನೆಲ್ಲ ಕೆಡಿಸಿದಿರಿ ಎಂದು ಕಿರುಚಿದ. ಸೋಲನ್ನು ಅವನ ಬಾಯಿಯೇ ಒಪ್ಪಿಕೊಂಡಿತು. ಶಿಕ್ಷಕರ ಸಂಘ ಅವನು ಬಯಸಿದಂತೆ ನಡೆಯಲೇ ಇಲ್ಲ. ಕಿರ್ಕೆನೆಸ್‌ನ ಶಿಕ್ಷಕರು ತಂಡ ತಂಡವಾಗಿ ಬಿಡುಗಡೆಯಾಗಿ, ಕೊನೆಯವರು ನವೆಂಬರಿನಲ್ಲಿ ಹೊರಟರು.

ನಮ್ಮಲ್ಲಿ ಕ್ವಿಟ್ ಇಂಡಿಯಾ ಚಳವಳಿ ಆರಂಭವಾದದ್ದೂ ಅದೇ 1942ರ ಆಗಸ್ಟ್‌ನಲ್ಲಿ. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಗಾಂಧೀಜಿಯ ಹೋರಾಟದ ಬಗ್ಗೆ ಪುಸ್ತಕ ಬರೆದ ಅಮೆರಿಕದ ವಿದ್ವಾಂಸ ಜೀನ್ ಶಾರ್ಪ್ ನಾರ್ವೆಯ ಶಿಕ್ಷಕರ ಬಗ್ಗೆಯೂ ಅಧ್ಯಯನ ಮಾಡಿ ಬರೆದರು.

ಇದನ್ನು ಮಕ್ಕಳಿಗೆ ತಿಳಿಸುವುದು ಹೇಗೆ? ಇಸವಿಗಳನ್ನು ಬಾಯಿಪಾಠ ಮಾಡಿಸಿದರೆ ಪ್ರಯೋಜನವಿಲ್ಲ. ಚೆನ್ನೆಮಣೆ, ಹಾವು-ಏಣಿ, ಕೇರಂ ಎಲ್ಲದರಲ್ಲೂ ಒಬ್ಬರು ಗೆಲ್ಲಬೇಕಾದರೆ ಮತ್ತೊಬ್ಬರು ಸೋಲಬೇಕು. ಈಗ ಸಹಕಾರಿ ಆಟಗಳು ಎಂಬ ಬಗೆಯೂ ಇದೆ. ಅವುಗಳಲ್ಲಿ ಆಡುವವರೆಲ್ಲ ಒಂದೇ ಪಕ್ಷ. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ಈ ಕಥೆಗೆ ಹೇಳಿ ಮಾಡಿಸಿದ ಮಾದರಿ ಅದು.

ಒಂದು ರಟ್ಟು, ಒಂದು ದಾಳ, ಒಂದು ಹಿಡಿ ಹುಣಸೆಬೀಜ ಸಾಕು. ನಾಲ್ವರು ಆಟಗಾರರು: ಶಿಕ್ಷಕ, ತಾಯಿ, ಪಾದ್ರಿ, ವಿದ್ಯಾರ್ಥಿ. ಫೆಬ್ರವರಿ 20ರ ಮನೆ ಮುಟ್ಟುವುದರೊಳಗೆ ಬೆಂಕಿಪೆಟ್ಟಿಗೆ ಎಲ್ಲರ ಕೈಗೂ ತಲುಪಬೇಕು. ಒಬ್ಬರೇ ಮೊದಲು ಸಹಿ ಹಾಕಿದರೆ ಅವರು ಜೈಲಿಗೆ. ಎಲ್ಲರೂ ಒಂದೇ ಸುತ್ತಿನಲ್ಲಿ ಸಹಿ ಹಾಕಿದರೆ ಆಟ ಮುಂದೆ ಸಾಗುತ್ತದೆ. ಆಮೇಲೆ ದಾಳ ಸರಕಾರದ ಪರವಾಗಿ ಬೀಳುತ್ತದೆ: ಶಾಲೆ ಬಂದ್, ಬಂಧನ, ಹಡಗು. ಜೈಲಿಗೆ ಹೋದವರು ಆಟದಿಂದ ಔಟ್ ಅಲ್ಲ. ಅವರ ಮನೆಗೆ ಉಳಿದವರು ಪ್ರತಿ ಸುತ್ತಿನಲ್ಲೂ ಒಂದೊಂದು ಬೀಜ ಕೊಡಬೇಕು. ಕೊಡಲು ಬೀಜ ಉಳಿಯದಿದ್ದರೆ ಎಲ್ಲರಿಗೂ ಸೋಲು.

ಆಟ ಮುಗಿದ ಮೇಲೆ ಒಂದು ಮಾತನ್ನು ಮರೆಯದೆ ಹೇಳಬೇಕು. ಕೊನೆಯ ಶಿಕ್ಷಕರು ಬಿಡುಗಡೆಯಾದ ಅದೇ ನವೆಂಬರ್ ತಿಂಗಳ 26ರಂದು 'ದೋನಾವ್' ಎಂಬ ಹಡಗು 500ಕ್ಕೂ ಹೆಚ್ಚು ಯಹೂದಿಗಳನ್ನು ತುಂಬಿಕೊಂಡು ಓಸ್ಲೊದಿಂದ ಹೊರಟಿತು. ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರು. ಅವರನ್ನು ಒಯ್ದದ್ದು ಆಶ್ವಿಟ್ಜ್‌ಗೆ, ಬದುಕಿ ಬಂದವರು ತೀರಾ ಕಡಿಮೆ. ಹಿಡಿದುಕೊಟ್ಟವರಲ್ಲಿ ನಾರ್ವೆಯ ಪೊಲೀಸರೂ ಇದ್ದರು. ಶಾಲೆಗಾಗಿ ಒಟ್ಟಾಗಿ ಎದ್ದುನಿಂತ ಅದೇ ದೇಶದಲ್ಲಿ ಇದೂ ನಡೆಯಿತು.

ಆದ್ದರಿಂದ ಗೆದ್ದ ಮಕ್ಕಳು ಚಪ್ಪಾಳೆ ತಟ್ಟಿದ ಮೇಲೆ ಒಂದು ಪ್ರಶ್ನೆ ಕೇಳೋಣ: ನಮ್ಮ ರಟ್ಟಿನ ಮೇಲೆ ಯಾರ ಮನೆ ಬಿಟ್ಟುಹೋಗಿದೆ? ಉತ್ತರವನ್ನು ನಾವು ಹೇಳಿಕೊಡುವುದು ಬೇಡ. ಮಕ್ಕಳೇ ಪೆನ್ಸಿಲು ಹಿಡಿದು ಆ ಮನೆಯನ್ನು ಬರೆಯಲಿ. ಆಮೇಲೆ ಆಟವನ್ನು ಮೊದಲಿನಿಂದ ಆಡಲಿ.