ಮೂವತ್ತು ದಾಟಿದರೂ ಬಿಡದ ಮೊಡವೆ: ಕಾರಣ, ಚಿಕಿತ್ಸೆ ಹಾಗೂ ಮುಲಾಮಿನ ಅಪಾಯ

ಮೊಡವೆ ಎಂಬುದು ಹರೆಯದ ಗುಳ್ಳೆ, ಮದುವೆಯಾದರೆ ತಾನಾಗಿಯೇ ಮಾಯವಾಗುತ್ತದೆ ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದರೂ ಗಲ್ಲದ ಮೇಲಿನ ಕೆಂಪು ಗಂಟುಗಳು ಬಿಡದೆ ಕಾಡುವ ಉದಾಹರಣೆಗಳು ಕಡಿಮೆಯೇನಲ್ಲ. 25 ವರ್ಷದ ನಂತರವೂ ಮುಂದುವರಿಯುವ ಅಥವಾ ಆ ವಯಸ್ಸಿನ ಬಳಿಕ ಮೊದಲ ಬಾರಿಗೆ ಕಾಣಿಸಿಕೊಳ್ಳುವ ಮೊಡವೆಯನ್ನು ವೈದ್ಯಶಾಸ್ತ್ರವು ‘ವಯಸ್ಕರ ಮೊಡವೆ’ ಎಂದು ಗುರುತಿಸುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಇದರ ಹಾವಳಿ ಹೆಚ್ಚು. ಹದಿಹರೆಯದಲ್ಲಿ ಹಣೆ, ಮೂಗಿನ ಸುತ್ತ ಏಳುವ ಮೊಡವೆ ವಯಸ್ಕ ಮಹಿಳೆಯರಲ್ಲಿ ಗಲ್ಲ, ದವಡೆಯ ಅಂಚು ಹಾಗೂ ಕುತ್ತಿಗೆಯತ್ತ ಇಳಿಯುವುದು ಸಾಮಾನ್ಯ ಲಕ್ಷಣವಾಗಿದೆ.

ಮುಖ ತೊಳೆಯದ ಕೊಳಕಿನಿಂದ ಮೊಡವೆ ಬರುತ್ತದೆ ಎಂಬ ನಂಬಿಕೆ ತಪ್ಪು. ಚರ್ಮದ ರೋಮಕೂಪಕ್ಕೆ ಅಂಟಿಕೊಂಡಿರುವ ತೈಲಗ್ರಂಥಿಗಳು ಆಂಡ್ರೊಜೆನ್ ಹಾರ್ಮೋನಿನ ಪ್ರಭಾವದಿಂದ ಅಧಿಕ ಜಿಡ್ಡನ್ನು ಸ್ರವಿಸುತ್ತವೆ. ಕೂಪದ ಬಾಯಲ್ಲಿ ಸತ್ತ ಜೀವಕೋಶಗಳು ಸೇರಿ ಬಿರಡೆಯಂತೆ ಮುಚ್ಚಿಕೊಳ್ಳುತ್ತವೆ. ಒಳಗೆ ಸದಾ ವಾಸಿಸುವ ‘ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್’ ಎಂಬ ಸೂಕ್ಷ್ಮಾಣು ಅಲ್ಲಿ ವೃದ್ಧಿಗೊಂಡು ಉರಿಯೂತ ಉಂಟಾಗುತ್ತದೆ. ಇದೆಲ್ಲ ಚರ್ಮದ ಒಳಗೆ ನಡೆಯುವ ವ್ಯಾಪಾರವಾದ್ದರಿಂದ ದಿನಕ್ಕೆ ಹತ್ತು ಬಾರಿ ಸೋಪು ಹಚ್ಚಿ ಉಜ್ಜಿದರೆ ಚರ್ಮ ಒಣಗಿ ಕೆರಳುವುದೇ ಹೊರತು ಮೊಡವೆ ತಗ್ಗದು.

ವಯಸ್ಕರಲ್ಲಿ ಮೊಡವೆ ಮುಂದುವರಿಯಲು ಆನುವಂಶಿಕತೆಯ ಪಾಲು ದೊಡ್ಡದು. ಮಾಸಿಕ ಮುಟ್ಟಿಗೆ ಕೆಲವು ದಿನ ಮೊದಲು ಉಲ್ಬಣಿಸುವುದಕ್ಕೆ ಹಾರ್ಮೋನಿನ ಏರಿಳಿತ ಕಾರಣ. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಗಲ್ಲ ಹಾಗೂ ಮೇಲ್ದುಟಿಯ ಮೇಲೆ ಒರಟು ಕೂದಲು ಬೆಳೆಯುವುದು, ನೆತ್ತಿಯ ಕೂದಲು ತೆಳುವಾಗುವುದು ಇವು ಮೊಡವೆಯೊಂದಿಗೆ ಕಂಡುಬಂದಲ್ಲಿ ಪಿಸಿಒಎಸ್ ಇದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಅವಶ್ಯ. ಕ್ಷಯಕ್ಕೆ ನೀಡುವ ಐಸೋನಿಯಜಿಡ್, ಅಪಸ್ಮಾರಕ್ಕೆ ನೀಡುವ ಫೆನಿಟಾಯಿನ್, ಮಾನಸಿಕ ಕಾಯಿಲೆಗೆ ನೀಡುವ ಲಿಥಿಯಂ ಮೊದಲಾದ ಔಷಧಗಳಿಂದಲೂ ಮೊಡವೆಯಂತಹ ಗುಳ್ಳೆಗಳು ಏಳಬಹುದು. ಹಾಗೆಂದು ಆ ಔಷಧಗಳನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕಾರಿ. ವೈದ್ಯರಿಗೆ ತಿಳಿಸಿದರೆ ಸಾಕು. ಹಣೆ, ಬೆನ್ನು, ಎದೆಯ ಮೇಲೆ ಒಂದೇ ಗಾತ್ರದ ಸಣ್ಣ ಗುಳ್ಳೆಗಳೆದ್ದು ತುರಿಸುತ್ತಿದ್ದರೆ ಅದು ಮೊಡವೆಯಲ್ಲದೆ ಶಿಲೀಂಧ್ರದ ಸೋಂಕೂ ಆಗಿರಬಹುದು. ಅದಕ್ಕೆ ಆಂಟಿಬಯೊಟಿಕ್ ಮಾತ್ರೆ ನುಂಗಿದರೆ ಹೆಚ್ಚಾಗುವ ಸಂಭವವೇ ಅಧಿಕ.

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಊರುಗಳಲ್ಲಿ ಮೊಡವೆಯ ಮೊದಲ ವೈದ್ಯರೆಂದರೆ ಔಷಧ ಅಂಗಡಿಯವರೇ. ಕೆಲ ವರ್ಷಗಳ ಹಿಂದೆ ಈ ವರದಿಗಾರನೂ ತಂಗಿಯ ಮದುವೆಗೆ ಹದಿನೈದು ದಿನ ಇರುವಾಗ ಅಂಗಡಿಯೊಂದರಲ್ಲಿ ಕೇಳಿ ಒಂದು ಟ್ಯೂಬು ತಂದದ್ದುಂಟು. ನಾಲ್ಕೇ ದಿನಕ್ಕೆ ಮುಖ ನುಣುಪಾಯಿತು, ಬಣ್ಣವೂ ತಿಳಿಯಾಯಿತು, ನೆಂಟರು ಹೊಗಳಿದರು. ನಾಲ್ಕು ತಿಂಗಳ ನಂತರ ಹಚ್ಚುವುದನ್ನು ಬಿಟ್ಟಾಗ ಮುಖವೆಲ್ಲ ಕೆಂಪಾಗಿ ಉರಿಯತೊಡಗಿತು, ಮೊಡವೆ ಇಮ್ಮಡಿಯಾಗಿ ಮರಳಿತು. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಅಲ್ಲಿಯವರೆಗೆ ಓದಿರಲಿಲ್ಲ. ಅದು ಸ್ಟೀರಾಯ್ಡ್ ಮುಲಾಮು.

ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೊಬೆಟಸಾಲ್ ಎಂಬ ಹೆಸರುಗಳು ಟ್ಯೂಬಿನ ಮೇಲಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಬೇಕು. ಇಸುಬು, ಸೋರಿಯಾಸಿಸ್ ಮುಂತಾದವುಗಳಿಗೆ ವೈದ್ಯರು ಹೇಳಿದ ಅವಧಿಯವರೆಗೆ ಬಳಸಿದರೆ ಇವು ಉಪಯುಕ್ತ ಔಷಧಗಳೇ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಅನಗತ್ಯ ಕೂದಲು ಬೆಳೆಯುತ್ತದೆ, ಬಿಸಿಲು ತಾಗಿದರೆ ಉರಿಯುತ್ತದೆ. ಮೊಡವೆಗೆಂದು ಹಚ್ಚಿದ ಮುಲಾಮಿನಿಂದಲೇ ಮೊಡವೆ ಹುಟ್ಟುತ್ತದೆ ಎಂಬುದು ವಿಪರ್ಯಾಸ. ಬಿಟ್ಟೊಡನೆ ಉರಿ ಏಳುವುದರಿಂದ ಜನರು ಮತ್ತೆ ಅದನ್ನೇ ಹಚ್ಚುತ್ತಾರೆ. ದೇಶದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮುಖದ ಚರ್ಮದ ತೊಂದರೆಯಿಂದ ಬಂದ 2,926 ರೋಗಿಗಳ ಪೈಕಿ 433 ಮಂದಿ ಸ್ಟೀರಾಯ್ಡ್ ಮುಲಾಮು ಬಳಸುತ್ತಿದ್ದುದು ಕಂಡುಬಂದಿತ್ತು. ಚರ್ಮವೈದ್ಯರ ಒತ್ತಾಯದ ಬಳಿಕ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು 14 ಬಗೆಯ ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ‘ಷೆಡ್ಯೂಲ್ ಎಚ್’ಗೆ ಸೇರಿಸಿತು. ಕಾನೂನು ಬಂದಿದೆ, ಆದರೂ ಚೀಟಿ ಕೇಳುವ ಅಂಗಡಿ ಎಷ್ಟಿವೆ ಎಂಬುದನ್ನು ಓದುಗರೇ ಬಲ್ಲರು. ಈಗಾಗಲೇ ಹಲವು ತಿಂಗಳಿಂದ ಬಳಸುತ್ತಿರುವವರು ಚರ್ಮವೈದ್ಯರ ಉಸ್ತುವಾರಿಯಲ್ಲಿ ಬಿಡುವುದು ಲೇಸು.

ಹಾಗಾದರೆ ಸರಿಯಾದ ಚಿಕಿತ್ಸೆ ಯಾವುದು? ಸೌಮ್ಯ ಮೊಡವೆಗೆ ಅಡಾಪಲೀನ್ ಜೆಲ್ ಮತ್ತು ಬೆಂಜಾಯಿಲ್ ಪೆರಾಕ್ಸೈಡ್ ಮೊದಲ ಆಯ್ಕೆಗಳು. ಅಡಾಪಲೀನನ್ನು ರಾತ್ರಿ ಕಡಲೆಕಾಳಿನಷ್ಟು ತೆಗೆದುಕೊಂಡು, ಗುಳ್ಳೆಯ ಮೇಲಷ್ಟೇ ಅಲ್ಲದೆ ಮುಖಕ್ಕೆಲ್ಲ ತೆಳುವಾಗಿ ಸವರಬೇಕು. ಆರಂಭದಲ್ಲಿ ಚರ್ಮ ಒಣಗಿ ಸಿಪ್ಪೆ ಏಳುವುದರಿಂದ ದಿನ ಬಿಟ್ಟು ದಿನ ಹಚ್ಚುವುದು ಒಳಿತು. ಬೆಂಜಾಯಿಲ್ ಪೆರಾಕ್ಸೈಡ್ ದಿಂಬಿನ ಹೊದಿಕೆ, ಟವೆಲುಗಳ ಬಣ್ಣ ತೆಗೆದುಬಿಡುತ್ತದೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ. ಗರ್ಭಿಣಿಯರಿಗೆ ಅಡಾಪಲೀನ್ ಸಲ್ಲದು. ಅವರಿಗೆ ವೈದ್ಯರು ಸಾಮಾನ್ಯವಾಗಿ ಅಜೆಲಾಯಿಕ್ ಆಮ್ಲದ ಲೇಪನವನ್ನು ಸೂಚಿಸುತ್ತಾರೆ. ಯಾವುದೇ ಔಷಧ ಫಲ ತೋರಲು 8ರಿಂದ 12 ವಾರ ಬೇಕು. ನಾಲ್ಕು ದಿನದಲ್ಲಿ ಮುಖ ಹೊಳೆಯಿತೆಂದರೆ ಸಂಶಯಪಡಬೇಕು.

ಕೀವು ತುಂಬಿದ ಮೊಡವೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ನೀಡಿದರೂ ಅದನ್ನು ಮೂರು ತಿಂಗಳಿಗೆ ಸೀಮಿತಗೊಳಿಸಿ ಲೇಪನದೊಂದಿಗೇ ಬಳಸುವುದು ಇಂದಿನ ಕ್ರಮ. ಇಲ್ಲವಾದರೆ ಸೂಕ್ಷ್ಮಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಮಹಿಳೆಯರಲ್ಲಿ ಹಾರ್ಮೋನಿನ ಮಾತ್ರೆ ಅಥವಾ ಸ್ಪೈರೊನೊಲ್ಯಾಕ್ಟೋನ್ ಉಪಯೋಗಕ್ಕೆ ಬರುತ್ತವೆ. ಆಳವಾದ ಗಂಟುಗಳಾಗಿ ಗುಳಿ ಬೀಳುತ್ತಿದ್ದರೆ ಐಸೊಟ್ರೆಟಿನಾಯಿನ್ ಪರಿಣಾಮಕಾರಿ. ಆದರೆ ಗರ್ಭದಲ್ಲಿರುವ ಶಿಶುವಿಗೆ ಇದು ತೀವ್ರ ಅಂಗವೈಕಲ್ಯ ಉಂಟುಮಾಡುತ್ತದೆ. ಮಾತ್ರೆ ಆರಂಭಿಸುವ ಒಂದು ತಿಂಗಳ ಮೊದಲಿನಿಂದ, ನಿಲ್ಲಿಸಿದ ಒಂದು ತಿಂಗಳ ನಂತರದವರೆಗೆ ಗರ್ಭಧಾರಣೆ ಆಗಕೂಡದು. ಯಕೃತ್ತು ಹಾಗೂ ಕೊಬ್ಬಿನಂಶದ ರಕ್ತಪರೀಕ್ಷೆಯೂ ಬೇಕು. ಗೆಳತಿಗೆ ಬರೆದುಕೊಟ್ಟ ಚೀಟಿಯಿಂದ ತಾವೂ ಮಾತ್ರೆ ತರಿಸಿಕೊಳ್ಳುವ ಪರಿಪಾಠ ಇಲ್ಲಿ ಖಂಡಿತ ಸಲ್ಲದು.

ಮನೆಮದ್ದುಗಳಲ್ಲಿ ಅರಿಶಿನ, ಕಡಲೆಹಿಟ್ಟು ಬಹುತೇಕರಿಗೆ ತೊಂದರೆ ಕೊಡುವುದಿಲ್ಲ, ರೋಗವನ್ನೂ ವಾಸಿಮಾಡುವುದಿಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಟೂತ್‌ಪೇಸ್ಟ್ ಕೂಡ ಬೇಡ. ತಲೆಗೆ ಹೇರಳವಾಗಿ ಎಣ್ಣೆ ಹಚ್ಚುವವರಿಗೆ ಅದು ಹಣೆಗಿಳಿದು ಅಂಚಿನಲ್ಲಿ ಗುಳ್ಳೆ ಏಳುವುದುಂಟು. ಬಜ್ಜಿ, ಬೋಂಡಾದ ಮೇಲೆ ಹೊರಿಸುವ ಆರೋಪಕ್ಕಿಂತ ಸಕ್ಕರೆ ತುಂಬಿದ ತಂಪು ಪಾನೀಯ ಹಾಗೂ ವ್ಯಾಯಾಮಶಾಲೆಯ ಯುವಕರು ಕುಡಿಯುವ ವೇ ಪ್ರೋಟೀನ್ ಪುಡಿಯ ಬಗೆಗಿನ ಶಂಕೆಗೆ ಹೆಚ್ಚು ಆಧಾರವಿದೆ. ಗುಳ್ಳೆ ಹಿಸುಕಿದರೆ ಕಲೆ ನಿಶ್ಚಿತ. ನಮ್ಮ ಕಂದು ಮೈಬಣ್ಣದಲ್ಲಿ ಕಪ್ಪು ಕಲೆ ಮಾಸಲು ತಿಂಗಳುಗಳೇ ಹಿಡಿಯುವುದರಿಂದ ಬಿಸಿಲಿಗೆ ಸನ್‌ಸ್ಕ್ರೀನ್ ಬಳಕೆ ಅಗತ್ಯ.

ಬೆಂಗಳೂರಿನ ಬೌರಿಂಗ್ ಹಾಗೂ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಸೇರಿದಂತೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ವಿಭಾಗದ ಫಲಕದಲ್ಲಿ ‘ಚರ್ಮ, ಲೈಂಗಿಕ ರೋಗ ಹಾಗೂ ಕುಷ್ಠರೋಗ’ ಎಂದು ಒಟ್ಟಿಗೆ ಬರೆದಿರುವುದನ್ನು ಕಂಡು ಅನೇಕ ಯುವತಿಯರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ಮೂರೂ ಒಂದೇ ತಜ್ಞಶಾಖೆಗೆ ಸೇರಿದ್ದರಿಂದ ಫಲಕ ಹಾಗಿದೆಯೇ ಹೊರತು ಬೇರೇನಿಲ್ಲ. ಒಳಗೆ ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾಗಿದ್ದರೂ ಸರಿ, ಜೊತೆಗೆ ಒಯ್ಯಬೇಕು.